ಶಾಮಲಮ್ಮನ ಹಸು ಸತ್ತ ಕಾರಣ

ನಾಡಿನ ಇತಿಹಾಸದಲ್ಲಿ ದಾಖಲಾಗಬೇಕಾದ ಘಟನೆಯೊಂದು ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ವಕ್ಕಲೇರಿ ಪಕ್ಕದ ಹಳ್ಳಿಯೊಂದರ ಡೈರಿಯಲ್ಲಿ ನಡೆಯಿತು. ಶಾಮಲಮ್ಮನ ಆರು ಲೀಟರ್ ಹಾಲನ್ನು ಕಂಪ್ಯೂಟರು ಬೇಡವೆಂದಿತು.

ಈ ಹೊಸ ಕಂಪ್ಯೂಟರು ಸುಮ್ಮಸುಮ್ಮನೆ ಬೇಡ ಅನ್ನುವಂಥದ್ದಲ್ಲ. ನಿಯಮ ಹಿಡಿದು ಯೋಚಿಸುತ್ತದೆ. ‘ಯಾಕೆ’ ಎಂಬ ಗುಂಡಿ ಒತ್ತಿದರೆ ಕಾರಣವನ್ನೂ ಹೇಳುತ್ತದೆ. ಕಾರ್ಯದರ್ಶಿ ಕದಿರೇಶ್ ಒಂದು ವಾರದಿಂದ ಊರಿಗೆಲ್ಲ ಇದನ್ನೇ ಸಾರಿದ್ದ. ಈಗ ಗುಂಡಿ ಒತ್ತಿ, ಸಾಲಿನವರಿಗೆಲ್ಲ ಕೇಳುವಂತೆ ಓದಿದ: ಹಾಲು ಆಕೆಯ ಹಸುವಿನದಲ್ಲ.

ಹೊರಗಿನ ಹಾಲು ತಂದವರ ಸದಸ್ಯತ್ವ ಹೋಗುತ್ತದೆ, ಜೊತೆಗೆ ಮಾನವೂ. ಶಾಮಲಮ್ಮ ಕ್ಯಾನು ಹಿಡಿದು ಅಲ್ಲೇ ನಿಂತಳು.

“ಯಾಕಂತೆ, ಕೇಳಪ್ಪ.”

ಒತ್ತಿದ. ಆಕೆಗಿರುವುದು ಒಂದೇ ಹಸು; ಅದು ಹಾಲು ಕೊಡಲಾರದು.

“ಅದ್ಯಾಕಂತೆ?”

ಹಸು ಸತ್ತಿದೆ.

ಹಿಂದೆ ನಿಂತಿದ್ದ ಮುನಿರಾಮಪ್ಪನ ಹಸು ಶನಿವಾರ ನಿಜವಾಗಿಯೇ ಸತ್ತಿತ್ತು. “ನಿಂದು ಸತ್ತೂ ಆರು ಲೀಟ್ರು ಕೊಡ್ತದೆ ಕಣಕ್ಕ,” ಎಂದ. “ನಂದು ಬದುಕಿದ್ದಾಗ್ಲೂ ನಾಲ್ಕೇ.”

ಸಾಲು ನಕ್ಕಿತು. ಕದಿರೇಶನಿಗೆ ನಗು ಬರಲಿಲ್ಲ. ನಿನ್ನೆ ಸಂಜೆ ಮುನಿರಾಮಪ್ಪನ ಹಸುವಿನ ಸಾವನ್ನು ಕಂಪ್ಯೂಟರಿಗೆ ಏರಿಸಿದ್ದು ಅವನೇ. ಹಸುವಿನ ಕಿವಿಗೆ ಚುಚ್ಚಿದ ಓಲೆಯ ನಂಬರು ಹೊಡೆಯುವಾಗ ಭಾಮೈದನ ಫೋನು ಬಂದಿತ್ತು. ಅದೀಗ ನೆನಪಾಯಿತು. ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ಸರ್ವರ್ ಹೋಯ್ತಕ್ಕ. ಸಾಯಂಕಾಲ ನೋಡೋಣ.”

“ನನ್ನ ಕಳ್ಳಿ ಮಾಡೋವಾಗ ನೆಟ್ಟಗಿತ್ತಲ್ಲಪ್ಪ ನಿನ್ ಸರ್ವರು?” ಎಂದವಳೇ ಶಾಮಲಮ್ಮ ಕಿಟಕಿಯೊಳಗೆ ಕೈ ಹಾಕಿ ತಾನೇ ಗುಂಡಿ ಒತ್ತಿದಳು. ಮುನಿರಾಮಪ್ಪ ಬಗ್ಗಿ, ಪರದೆಯ ಮೇಲೆ ಮೂಡಿದ್ದನ್ನು ಒಂದೊಂದೇ ಪದವಾಗಿ ಓದಿದ: ಹಸು ಸತ್ತಿದೆ, ಏಕೆಂದರೆ ಕಾರ್ಯದರ್ಶಿ ಕದಿರೇಶ್ ಹಾಗೆ ಹೇಳಿದ್ದಾರೆ.

“ಅವನ್ಯಾಕೆ ಹಂಗಂದ ಅಂತ ಕೇಳು,” ಎಂದಳು ಶಾಮಲಮ್ಮ.

ಮತ್ತೆ ಒತ್ತಿದರೂ ಏನೂ ಬರಲಿಲ್ಲ. ಕಂಪ್ಯೂಟರಿಗೆ ತಿಳಿದಿದ್ದ ಕಾರಣಗಳು ಅಲ್ಲಿಗೆ ಮುಗಿದಿದ್ದವು. ಸಾಲಿಗೆ ಸಾಲೇ ಕದಿರೇಶನ ಕಡೆ ತಿರುಗಿತು.

“ಫೋನಲ್ಲಿದ್ದೆ ಅಕ್ಕ,” ಎಂದ ಅವನು, ಪೆನ್ನು ನೋಡುತ್ತ.

ಹಾಲನ್ನೇನೋ ಅಳೆದುಕೊಂಡರು. ಆದರೆ ಒಮ್ಮೆ ಸತ್ತದ್ದು ಮತ್ತೆ ಬದುಕಲು ನಿಯಮದಲ್ಲಿ ದಾರಿ ಇರಲಿಲ್ಲ. ಬುಧವಾರ ದನದ ಡಾಕ್ಟರು ಬಂದು, ಹೊಸ ನಂಬರಿನ ಓಲೆಗಾಗಿ ಹಸುವಿನ ಇನ್ನೊಂದು ಕಿವಿಯನ್ನೂ ತೂತು ಮಾಡಿದರು.