ಷಟ್ಪದಿ ಹೇಳುವ ಪೈಪು

"ಇವತ್ತೊಂದಿನ ತಡ್ಕೊಳ್ತೀಯೇನೋ?"

ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಸರಸಿಜಾ ರೇಸ್ ಕಾರಿನ ಎಂಜಿನ್ನಿನ ಮೇಲೆ ಬಾಗಿ ಅದರ ಪೈಪನ್ನು ಕೇಳಿದ್ದಳು.

ರಬ್ಬರು ಕೇಳಿದ್ದನ್ನು ಮರೆಯುವುದಿಲ್ಲ. ಬಸ್ಸಿನ ಟೈರುಗಳು ಯಾರದೋ ಹಳೆಯ ಜಗಳವನ್ನು ಗೊಣಗುತ್ತ ಹೋದರೆ ಊರಿನವರು ತಿರುಗಿಯೂ ನೋಡರು. ಈ ಕಾರಿಗೆ ಇಂಧನದ ರಬ್ಬರ್ ಪೈಪು ಕೂರಿಸಿದ್ದು ಅವಳ ತಮ್ಮ ಚಂದ್ರಯ್ಯ, ಷಟ್ಪದಿ ಹೇಳಿಕೊಳ್ಳುತ್ತ. ಅವನು ತೀರಿಕೊಂಡು ಮೂರು ವರ್ಷ. ಎಂಜಿನ್ ಹತ್ತಿದಾಗಲೆಲ್ಲ ಪೈಪು ಅವನ ದನಿಯಲ್ಲೇ ಆ ಪದ್ಯ ಹೇಳುತ್ತದೆ. ಐದನೆಯ ಸಾಲಿಗೆ ನಿಂತು, "ಅಕ್ಕಾ, ಟಾರ್ಚ್ ಹಿಡಿಯೇ" ಎನ್ನುತ್ತದೆ. ಅವಳು ಪ್ರತಿ ಸಲವೂ "ಹಿಡಿದಿದೀನಿ ಕಣೋ" ಎನ್ನುತ್ತಾಳೆ. ದಿನದಲ್ಲಿ ಅವಳಾಡುವ ಮಾತು ಬಹುಮಟ್ಟಿಗೆ ಅಷ್ಟೇ.

ಈ ವರ್ಷ ಪೆಟ್ರೋಲಿನ ಬದಲು ಮೆಥನಾಲ್ ಸುರಿಯತೊಡಗಿದ ಮೇಲೆ ರಬ್ಬರು ಉಬ್ಬಿತ್ತು. ಕ್ಲಿಪ್ಪಿನ ಪಕ್ಕ ಕೂದಲೆಳೆಯಷ್ಟು ಬಿರುಕು. ಹೊಸ ಪೈಪು ಮೇಜಿನ ಮೇಲಿತ್ತು: ಹೊರಗೆ ಹೆಣೆದ ಸ್ಟೀಲು, ಒಳಗೆ ಟೆಫ್ಲಾನು. ಟೆಫ್ಲಾನಿಗೆ ಏನೂ ಅಂಟುವುದಿಲ್ಲ, ದನಿಯೂ. ಹಳೆಯದನ್ನು ಒಮ್ಮೆ ಬಿಚ್ಚಿದರೆ ಅದು ಮತ್ತೆಂದೂ ನುಡಿಯದು.

ಕಾರು ಓಡಿಸುವ ಇಮ್ತಿಯಾಜ್ ಹೆಲ್ಮೆಟ್ ಹಿಡಿದು ಬಂದ.

"ಸರಸಕ್ಕಾ, ಹಳೇದೇ ಇರ್ಲಿ ಬಿಡಿ. ಚಂದ್ರಯ್ಯಣ್ಣನ ಪದ್ಯ ಕೇಳದೆ ನಂಗೆ ಕೈಕಾಲೇ ಆಡಲ್ಲ. ಎಂಟು ಸೆಕೆಂಡಿನ ಓಟ, ಅಷ್ಟ್ರಲ್ಲಿ ಏನಾಗತ್ತೆ?"

"ಸೋರಿ ಬೆಂಕಿ ಹತ್ತಿದ್ರೆ ಬೆಂದುಹೋಗ್ತೀಯ."

"ನಿಮಗೂ ಬೇಕಲ್ವಾ ಆ ದನಿ? ಇದೊಂದು ಸಲ, ಅಕ್ಕಾ."

ಅವಳು ಬಿರುಕಿನ ಮೇಲೆ ಹೆಬ್ಬೆರಳು ಸವರಿದಳು. ಒದ್ದೆಯಾಗಿತ್ತು. ಎಡಗೈಯಲ್ಲಿ ಟಾರ್ಚ್ ಹಿಡಿದು, ಬಲಗೈಯಲ್ಲಿ ಸ್ಕ್ರೂಡ್ರೈವರನ್ನು ಕ್ಲಿಪ್ಪಿಗೆ ಕೊಟ್ಟು ತಿರುಗಿಸಿದಳು.

"ಆಗಲ್ಲ," ಎಂದಳು.