ತಾಳೆಯಾಗದ ಸೂತ್ರ

ಸೀಸದ ನ್ಯೂಕ್ಲಿಯಸ್ಸುಗಳು ಭಾರೀ ವೇಗದಲ್ಲಿ ಡಿಕ್ಕಿ ಹೊಡೆದಾಗ ಅವುಗಳೊಳಗಿನ ಕ್ವಾರ್ಕ್, ಗ್ಲುಆನ್ ಎಂಬ ಅತಿಸೂಕ್ಷ್ಮ ಕಣಗಳು ಬಿಡುಗಡೆಯಾಗಿ ಕ್ಷಣಮಾತ್ರ ದ್ರವದಂತೆ ಹರಿಯುತ್ತವೆ. ಆ ಹರಿವನ್ನು ಮುಂಚೆಯೇ ಹೇಳಬಲ್ಲ ಸೂತ್ರವೊಂದಕ್ಕಾಗಿ ಪ್ರೊಫೆಸರ್ ಹಾವನೂರ ತಮ್ಮ ಅರ್ಧ ಆಯುಷ್ಯ ಕಳೆದಿದ್ದರು. ಪ್ರಯೋಗದಲ್ಲಿ ಸಿಕ್ಕ ಮಾಹಿತಿಯ ಜೊತೆ ಅದನ್ನು ತಾಳೆ ನೋಡುವ ಕೆಲಸ ಅವರ ವಿದ್ಯಾರ್ಥಿನಿ ಭಾರ್ಗವಿಯದು. ಅವಳ ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ. ಎಷ್ಟು ಸಲ ನೋಡಿದರೂ ಸೂತ್ರ ಒಂದು ಹೇಳುತ್ತಿತ್ತು, ಹರಿವು ಇನ್ನೊಂದು ಹೇಳುತ್ತಿತ್ತು. ತಪ್ಪು ತನ್ನದೇ ಇರಬೇಕೆಂದು ಹುಡುಕಿ ಹುಡುಕಿ ಅವಳು ಸೋತುಹೋಗಿದ್ದಳು. ಕೊನೆಗೆ ತಪ್ಪು ಸೂತ್ರದಲ್ಲೇ ಇದೆ ಎಂಬುದು ಖಚಿತವಾಯಿತು.

ಅದನ್ನು ಹೇಳುವಷ್ಟರಲ್ಲಿ ಪ್ರೊಫೆಸರರಿಗೆ ಹೃದಯಾಘಾತವಾಯಿತು. ಆಸ್ಪತ್ರೆಗೆ ಹೋದವಳನ್ನು ಅವರ ಹೆಂಡತಿ ಬಾಗಿಲಲ್ಲೇ ತಡೆದರು.

"ಮನಸ್ಸಿಗೆ ಹಚ್ಚಿಕೊಳ್ಳೂವಂಥಾದ್ದು ಏನೂ ಹೇಳಬ್ಯಾಡವಾ."

ಭಾರ್ಗವಿ ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತಳು. ಪ್ರೊಫೆಸರರು ಕಣ್ಣು ತೆರೆದವರೇ ಕೇಳಿದರು.

"ಏನಾತು? ಸೂತ್ರ ತಾಳೆ ಆತೇನು?"

ಅವರ ಬತ್ತಿದ ಮುಖ ನೋಡಿ ಅವಳಿಗೆ ನಿಜ ಹೇಳಲಾಗಲಿಲ್ಲ.

"ಆತ್ರಿ ಸರ್. ಪೂರ್ತಿ ತಾಳೆ ಆತು."

"ಖರೇನ?"

"ಖರೇನ್ರಿ."

ಅವರು ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿ, ದಣಿದ ದನಿಯಲ್ಲಿ ಹೇಳಿದರು.

"ಆ ಸೂತ್ರ ತಪ್ಪಂತ ಹೋದ ವರ್ಷನ ನನಗ ಗೊತ್ತಾತು, ಭಾರ್ಗವಿ. ಅದನ್ನ ನೀನ ಬಂದು ಹೇಳಿದ ದಿನ ನಿನ್ನ ಥೀಸಿಸ್‌ಗೆ ಸಹಿ ಹಾಕಬೇಕಂತ ಕಾಯಾಕತ್ತಿದ್ದೆ."