ಬೇಡವಾದ ವರ್ಷ

ಮರೆವಿನ ಗಾಡಿ ಓಣಿಗೆ ಬಂದು ನಿಂತಾಗ ಚಂಪವ್ವ ತನ್ನ ಆಟೋ ಒರೆಸುತ್ತಿದ್ದಳು. ಬೇಡವಾದ ವರ್ಷವೊಂದನ್ನು ನೆನಪಿನಿಂದ ತೆಗೆಸಿಕೊಳ್ಳುವುದು ಈಗ ಹಲ್ಲು ಕೀಳಿಸಿದಷ್ಟೇ ಸಲೀಸು, ಅದೂ ಪುಕ್ಕಟೆ.

"ಅಜ್ಜಿ, ನಿಮ್ಮ ಮನಿಯವರು ತೀರಿಹೋದ ವರ್ಷ ತಗದಬಿಡೋಣ್ರಿ. ಕಣ್ತುಂಬ ನಿದ್ದಿ ಬರ್ತದ," ಅಂದಳು ಗಾಡಿಯ ಹುಡುಗಿ.

ಪುಕ್ಕಟೆ ಅಂದರೆ ಚಂಪವ್ವನಿಗೆ ಮೊದಲಿಂದಲೂ ಅನುಮಾನ. "ಅದರ ಜೋಡಿ ಇನ್ನೇನೇನ್ ಒಯ್ತೀರವ್ವಾ?"

"ಬರೇ ನೋವು ರೀ."

ಹುಡುಗಿ ಹಾಗೆ ಅಂದದ್ದು ಎತ್ತಲೋ ನೋಡುತ್ತ. ಅಷ್ಟರಲ್ಲಿ ಪಕ್ಕದ ಮನೆಯ ಕಾಶವ್ವ ಗಾಡಿಯಿಂದ ನಗುತ್ತ ಇಳಿದಳು. ತನ್ನ ಹಳೇ ಮನೆ ಸುಟ್ಟುಹೋದ ವರ್ಷವನ್ನು ಈಗಷ್ಟೇ ತೆಗೆಸಿಕೊಂಡಿದ್ದಳು. ಆ ವರ್ಷ ಗುರುತೇ ಇಲ್ಲದ ಕಾಶವ್ವನನ್ನು ತನ್ನ ಪಡಸಾಲೆಯಲ್ಲಿ ಇಟ್ಟುಕೊಂಡು ರೊಟ್ಟಿ ಹಾಕಿದ್ದ ಹುಸೇನಬಿ ಎದುರು ಬಂದು, "ಹೆಂಗಿದ್ದೀ ಕಾಶಿ?" ಅಂದಳು.

"ನೀವ್ಯಾರ್ರೀ?" ಅಂದು ಕಾಶವ್ವ ನಡೆದೇಬಿಟ್ಟಳು.

ಚಂಪವ್ವ ಒರೆಸುವ ಅರಿವೆ ಕೆಳಗಿಟ್ಟಳು. ಗಂಡ ಸತ್ತ ವರ್ಷವೇ ಅವಳು ಆಟೋ ಕಲಿತದ್ದು, ಅದೂ ಇದೇ ಹುಸೇನಬಿಯ ಹತ್ತಿರ. ಆಟೋವನ್ನು ಗಟಾರಕ್ಕೆ ಇಳಿಸಿದರೂ ಆ ಪುಣ್ಯಾತ್ಗಿತ್ತಿ ಬೈದಿರಲಿಲ್ಲ.

"ನನ್ನ ನೋವು ನನಗ ಇರಲಿ, ನೀ ಮುಂದ ಹೋಗವ್ವಾ," ಎಂದು ಹುಡುಗಿಗೆ ಹೇಳಿ ಚಂಪವ್ವ ಓಡಿಹೋಗಿ ಹುಸೇನಬಿಯ ಕೈ ಹಿಡಿದಳು.

"ಅಕ್ಕಾ, ಅವತ್ತು ನೀ ಇರಲಿಲ್ಲಂದ್ರ ನಾ ನಿಂದ್ರತಿರಲಿಲ್ಲ. ಇಷ್ಟ ವರ್ಷ ಬಾಯಿಬಿಟ್ಟು ಹೇಳೇ ಇಲ್ಲ ನೋಡು."

ಹುಸೇನಬಿ ಕೈ ಕಿತ್ತುಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ ಈಗ ಹೇಳಾಕತ್ತೀ? ನೀನೂ ಆ ಗಾಡಿ ಹತ್ತಾಕ ಹೊಂಟೀಯೇನು?"